ಯಾರದೋ ಸೈಕಲ್ಲು

ನಮ್ಮ ಭಾವ ನರಸಿಂಹಮೂರ್ತಿಯವರಿಗೆ ಮರ್ಯಾದೆ ಅನ್ನುವುದು ಒಂದು ಹಳೇ ಕಾಯಿಲೆ. ಗೌರಿಬಿದನೂರಿನ ಒಂದು ಕಚೇರಿಯಲ್ಲಿ ಅವರು ಗುಮಾಸ್ತರು. ಊರಿಗೆ ಬಂದರೆ ಮಾತ್ರ ಆ ಕಚೇರಿ ತಮ್ಮ ಹೆಸರಲ್ಲೇ ಖಾತೆಯಾಗಿದೆ ಅನ್ನುವ ಹಾಗೆ ನಡೆಯುತ್ತಿದ್ದರು. ಜೇಬಿನಲ್ಲಿ ಎರಡು ಪೆನ್ನು, ಸೊಂಟದ ಬೆಲ್ಟಿಗೆ ಚರ್ಮದ ಚೀಲ, ಆ ಚೀಲದೊಳಗೆ ಮೊಬೈಲು. ಚಿಕ್ಕಬಳ್ಳಾಪುರ ಇನ್ನೂ ಕೋಲಾರ ಜಿಲ್ಲೆಗೇ ಸೇರಿದ್ದ ಕಾಲ ಅದು; ನಗರಗೆರೆ ಪಕ್ಕದ ನಮ್ಮೂರಿನಲ್ಲಿ ಮೊಬೈಲಿಗೆ ಸಿಗ್ನಲ್ಲೇ ಇರಲಿಲ್ಲ. ಆದರೂ ಭಾವ ಅದನ್ನು ಆಗಾಗ ಹೊರಗೆ ತೆಗೆದು, ಅಂಗಿಗೆ ಉಜ್ಜಿ, ಮತ್ತೆ ಚೀಲಕ್ಕೆ ಹಾಕುತ್ತಿದ್ದರು. ನೋಡಿದವರು ನೋಡಲಿ ಅಂತ.

ನಾನು ತನುಜ, ಅವರ ತಮ್ಮ ಕೆಂಪರಾಜುವಿನ ಹೆಂಡತಿ. ನಗರಗೆರೆಯ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಪಾಠ ಮಾಡುತ್ತಿದ್ದೆ. ನಮ್ಮೂರಿನಿಂದ ಹೊರಡುವ ಬೆಳಗಿನ ಬಸ್ಸು ನಗರಗೆರೆ ಮುಟ್ಟುವ ಹೊತ್ತಿಗೆ ಪ್ರಾರ್ಥನೆ ಮುಗಿದು ಮಕ್ಕಳು ಸ್ಲೇಟು ಹಿಡಿದು ಕೂತಿರುತ್ತಿದ್ದವು. ಹೆಡ್‌ಮೇಡಂ ವೆಂಕಟರತ್ನಮ್ಮನವರು ಒಂದು ದಿನ ನನ್ನನ್ನು ಕರೆದು ನೇರವಾಗಿಯೇ ಹೇಳಿದರು: "ನೋಡಿ ತನುಜ, ಸೋಮವಾರದಿಂದ ಪ್ರಾರ್ಥನೆಗೆ ಇರ್ಬೇಕು. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ, ಬೇರೆಯವರನ್ನ ನೋಡ್ಕೋತೀನಿ." ಆಗಲ್ಲ ಅನ್ನುವ ಮಾತು ನನ್ನ ಬಾಯಿಗೆ ಬರಲಿಲ್ಲ. ಆ ಕೆಲಸ ಬಿಟ್ಟರೆ ನಾನು ಮನೆಯಲ್ಲಿ ಕೂತು ಭಾವನ ಅಂಗಿಗಳಿಗೆ ಇಸ್ತ್ರಿ ಹಾಕಬೇಕಿತ್ತು.

ದಾರಿ ಸುಲಭವಾಗಿಯೇ ಇತ್ತು. ಕೈವಾರದ ನಮ್ಮಪ್ಪನ ಮನೆಯಲ್ಲಿ ನನ್ನ ಸೈಕಲ್ಲು ಇತ್ತು. ಚಿಂತಾಮಣಿ ಕಾಲೇಜಿಗೆ ದಿನವೂ ಅದರಲ್ಲೇ ಹೋಗಿ ಬಂದವಳು ನಾನು. ಮದುವೆಯಾದ ಮೇಲೆ ಅಪ್ಪ ಅದನ್ನು ಒರೆಸಿ, ಎಣ್ಣೆ ಬಿಟ್ಟು, ಅಟ್ಟದ ತೊಲೆಗೆ ನೇತುಹಾಕಿದ್ದರು. ಅದನ್ನು ತಂದುಬಿಟ್ಟರೆ ಬಸ್ಸಿನ ಹಂಗೇ ಇರುತ್ತಿರಲಿಲ್ಲ. ಹಾಗಂತ ಮನೆಯಲ್ಲಿ ಹೇಳಿದೆ.

ಗಂಡ ಸಾರಿಗೆ ಇನ್ನಷ್ಟು ಅನ್ನ ಕಲಸಿಕೊಂಡರು. ಅತ್ತೆ ಅಕ್ಕಯ್ಯಮ್ಮ ದೊಡ್ಡ ಮಗನ ಮುಖ ನೋಡಿದರು. ಭಾವ ಊಟದ ತಟ್ಟೆಯಿಂದ ಕೈ ತೆಗೆದರು.

"ಸೊಸೆ ಸೈಕಲ್ ತುಳ್ಕೊಂಡು ಹೋಗೋದಾ? ನಾಳೆ ನಾನು ಹೆಂಗ್ ತಲೆ ಎತ್ಕೊಂಡು ಓಡಾಡ್ಲಿ?"

ಅವರ ತಲೆಗೂ ನನ್ನ ಪೆಡಲಿಗೂ ಎಲ್ಲಿಯ ಸಂಬಂಧವೋ ನನಗೆ ಇವತ್ತಿಗೂ ತಿಳಿದಿಲ್ಲ. ನಾನೂ ಬಿಡಲಿಲ್ಲ. ಊಟದ ಹೊತ್ತಲ್ಲಿ, ಕಾಫಿಯ ಹೊತ್ತಲ್ಲಿ, ಅವರು ಮುಖ ತೊಳೆಯುವ ಹೊತ್ತಲ್ಲಿ, ಅದನ್ನೇ ಹೇಳಿದೆ. ಕೊನೆಗೆ ಸಾಕಾಗಿ ಒಂದು ತೀರ್ಪು ಕೊಟ್ಟರು. ಭಾನುವಾರ ತಾವೇ ಜೊತೆಯಲ್ಲಿ ಬರುವುದು. ಸೊಸೆ ಒಬ್ಬಳೇ ಸೈಕಲ್ ಹಿಡಿದು ಬಸ್‌ಸ್ಟ್ಯಾಂಡಲ್ಲಿ ನಿಲ್ಲುವುದು ಬೇಡ. ಬಸ್ಸಿನವರು ಹತ್ತಿಸಿಕೊಂಡರೆ ಸರಿ, ಇಲ್ಲವಾದರೆ ಸೈಕಲ್ಲಿನ ಮಾತು ಅಲ್ಲಿಗೇ ಮುಗಿಯಬೇಕು. ಬಸ್ಸಿನವರು ಹತ್ತಿಸಿಕೊಳ್ಳುವುದಿಲ್ಲ ಅನ್ನುವ ಧೈರ್ಯ ಅವರಿಗೆ. ಹಾಗಾಗಿ ಬಹಳ ಉದಾರವಾಗಿ ಒಪ್ಪಿದರು.

ಭಾನುವಾರ ಬೆಳಗ್ಗೆ ಅಪ್ಪ ಕೈವಾರದಿಂದ ಸೈಕಲ್ ತುಳಿದುಕೊಂಡೇ ಚಿಂತಾಮಣಿ ಸ್ಟ್ಯಾಂಡಿಗೆ ಬಂದರು. ಹಿಂದಿನ ದಿನವೇ ಕೈವಾರಕ್ಕೆ ಬಂದು ಉಳಿದಿದ್ದ ನಾನು ಮತ್ತು ಭಾವ ಬಸ್ಸಿನಲ್ಲಿ ಬಂದೆವು. ನಮ್ಮ ಜೊತೆಗೆ ಅರ್ಧ ಮೂಟೆ ಅವರೆಕಾಯಿ. ಭಾವನ ಹೆಂಡತಿಗೆ ಹಿತಕಿದ ಬೇಳೆ ಸಾರು ಅಂದರೆ ಪ್ರಾಣ. ಕಾಯಿ ಇಲ್ಲದೆ ಮನೆಗೆ ಬರಬೇಡಿ ಅಂತ ಗಂಡನಿಗೆ ಹೇಳಿ ಕಳಿಸಿದ್ದಳು. ಮೂಟೆಯನ್ನು ಹೊತ್ತವಳು ನಾನು. ಭಾವ ಮೊಬೈಲು ಹೊತ್ತಿದ್ದರು.

ಗೌರಿಬಿದನೂರಿಗೆ ನೇರ ಹೋಗುವ ಗುಲಾಬಿ ಬಣ್ಣದ ಖಾಸಗಿ ಬಸ್ಸು ನಿಂತಿತ್ತು. ಕಂಡಕ್ಟರ್ ನಲ್ಲಪ್ಪ ಸೈಕಲ್ಲನ್ನು ಕಂಡ ಕೂಡಲೇ ಕೈ ಆಡಿಸಿದ.

"ಸೈಕಲ್‌ಗೀಕಲ್ಲೆಲ್ಲ ಹತ್ಸಲ್ಲ. ಇದೇನು ಬಸ್ಸಾ, ಲಾರಿನಾ?"

ಅವನು ಹೀಗೆ ಕೇಳುವ ಹೊತ್ತಿಗೆ ಅವನ ಬೆನ್ನ ಹಿಂದೆ ಟಾಪಿನ ಮೇಲೆ ಟೊಮೇಟೊ ಕ್ರೇಟುಗಳು, ಒಂದು ಕಬ್ಬಿಣದ ಮಂಚ, ಒಂದು ರುಬ್ಬುವ ಕಲ್ಲು ಏರಿ ಕೂತಿದ್ದವು. ಒಳಗೆ ಹೆಂಗಸರ ಸೀಟಿನ ಕೆಳಗೆ ಬುಟ್ಟಿ ತುಂಬ ನಾಟಿ ಕೋಳಿ. ಇಷ್ಟೆಲ್ಲ ತುಂಬಿದ ಬಸ್ಸು ಬಸ್ಸಾಗಿಯೇ ಉಳಿದಿತ್ತು; ನನ್ನ ಸೈಕಲ್ ಏರಿದರೆ ಮಾತ್ರ ಅದು ಲಾರಿಯಾಗಿಬಿಡುತ್ತಿತ್ತು.

ಭಾವನ ಮುಖ ಅರಳಿತು. "ನಾನ್ ಹೇಳ್ಲಿಲ್ವಾ? ಹತ್ಸಲ್ವಂತೆ. ನಡೀರಿ."

ನಮ್ಮಪ್ಪ ಬಯ್ಯಪ್ಪ ಹೆಚ್ಚು ಮಾತಿನವರಲ್ಲ. ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡು ಹಿಂದಿನ ಏಣಿ ಹತ್ತಿ, ಮಂಚದ ಪಕ್ಕದಲ್ಲಿ ಮಲಗಿಸಿ, ಹಗ್ಗ ಬಿಗಿದು ಕೆಳಗಿಳಿದರು. "ಲಗೇಜ್ ಟಿಕೆಟ್ ಹರೀರಿ ಸ್ವಾಮಿ" ಅಂದರು.

ನಲ್ಲಪ್ಪ ಒಂದು ಗಳಿಗೆ ಮೇಲೆ ನೋಡಿದ, ಅಪ್ಪನನ್ನು ನೋಡಿದ, ಟಿಕೆಟ್ ಹರಿದ. ಹತ್ತಿಸಲೇಬಾರದ ವಸ್ತುವಿಗೂ ಟಿಕೆಟ್ ಮಾತ್ರ ಇತ್ತು. ಆದರೂ ಸೋತೆ ಅನ್ನಿಸಿಕೊಳ್ಳಬಾರದಲ್ಲ, ನನ್ನ ಕಡೆ ತಿರುಗಿ ಒಂದು ಉಪದೇಶ ಮಾಡಿದ.

"ನೋಡಮ್ಮ, ಲಗೇಜು ಅಂದ್ಮೇಲೆ ಎಲ್ಲಿ ಹಾಕಿದ್ರೆ ಅಲ್ಲಿ ಬಿದ್ದಿರ್ಬೇಕು. ಅಲ್ಲಿಡಿ ಇಲ್ಲಿಡಿ ಅಂತ ನನ್ಗೆ ರೂಲ್ಸ್ ಹೇಳ್ಬಾರ್ದು."

ಡ್ರೈವರು ಹೊಸಬ, ವಿಜಾಪುರದ ಕಡೆಯವನು. ತಲೆ ಹೊರಗೆ ಹಾಕಿ ಕೇಳಿದ: "ಚಾಲೂ ಮಾಡ್ಲೇನ್ರಿ?"

ಬಸ್ಸಿನಲ್ಲಿ ಇದ್ದವರೆಲ್ಲ ನಕ್ಕರು. ನಮ್ಮ ಕಡೆ ಅರ್ಧ ಮಾತು ತೆಲುಗಿನದು. ಊಟದ ಎಲೆಗೆ ಇನ್ನೊಂದು ಸೌಟು ಸಾರು ಬರುವಾಗ ಕೈ ಅಡ್ಡ ಹಿಡಿದು "ಚಾಲು ಚಾಲು" ಅನ್ನುತ್ತೇವೆ; ಸಾಕು ಅಂತ ಅರ್ಥ. ಅವನಿಗೆ ಚಾಲೂ ಅಂದರೆ ಶುರು. ಕೋಳಿ ಬುಟ್ಟಿಯ ಅಜ್ಜಿ, "ಇನ್ನೂ ಹೊರಟೇ ಇಲ್ಲ, ಆಗ್ಲೇ ಚಾಲು ಅಂತಾನಲ್ಲ ಈ ಹುಡ್ಗ" ಅಂದಳು. ಅವನಿಗೆ ಯಾಕೆ ನಗುತ್ತಾರೆಂದು ತಿಳಿಯಲಿಲ್ಲ. ನಲ್ಲಪ್ಪ ಸೀಟಿ ಊದಿದ, ಬಸ್ಸು ಹೊರಟಿತು.

ನಾನು ಮುಂದಿನ ಹೆಂಗಸರ ಸೀಟಿನಲ್ಲಿ ಕೂತೆ. ಭಾವ ನನ್ನ ಹಿಂದಿನ ಸಾಲಿನಲ್ಲಿ ಕಿಟಕಿ ಪಕ್ಕ, ಮೂಟೆ ಅವರ ಕಾಲ ಹತ್ತಿರ. ಬಸ್ಸು ಸ್ಟ್ಯಾಂಡು ದಾಟುವ ಮೊದಲೇ ಪಕ್ಕದವನು ಕೇಳಿದ: "ಟಾಪ್ ಮೇಲೆ ಲೇಡೀಸ್ ಸೈಕಲ್ ಐತಲ್ಲ, ನಿಮ್ದಾ ಸಾರ್?"

"ಯಾರದೋ ಏನೋ" ಅಂದರು ಭಾವ.

ನನಗೆ ಸ್ಪಷ್ಟವಾಗಿ ಕೇಳಿಸಿತು. ತಿರುಗಿ ನೋಡಿದೆ. ಅವರು ಮೊಬೈಲು ಒರೆಸುತ್ತಿದ್ದರು. ಮೈಯೆಲ್ಲ ಉರಿಯಿತು, ಆದರೆ ಸೈಕಲ್ ಮೇಲಿದೆಯಲ್ಲ, ಅಷ್ಟು ಸಾಕು ಅಂತ ಮುಂದಕ್ಕೆ ತಿರುಗಿದೆ.

ಶಿಡ್ಲಘಟ್ಟದಲ್ಲಿ ಕ್ರೇಟುಗಳೂ ಮಂಚವೂ ಇಳಿದವು, ಚಂದ್ರಿಕೆಗಳು ಬಂದವು. ರೇಷ್ಮೆ ಹುಳು ಗೂಡು ಕಟ್ಟುವುದಕ್ಕೆ ಬಿಡುವ ಬಿದಿರಿನ ದೊಡ್ಡ ತಟ್ಟಿಗಳು ಅವು. ತಂದವನು ಮಂಚೇನಹಳ್ಳಿಯ ಕೋನಪ್ಪ. ತಲೆಗೆ ಕೆಂಪು ಟವೆಲ್ಲು ಸುತ್ತಿ, ಟಾಪಿಗೆ ಹತ್ತಿ, ನನ್ನ ಸೈಕಲ್ಲನ್ನು ಕಂಡು ಕೂಗಾಡತೊಡಗಿದ.

"ಈ ಸೈಕಲ್ ಎವುರ್ದಿ ಸಾಮಿ? ಇದ್ರ ಮೇಲೆ ಚಂದ್ರಿಕೆ ಇಟ್ರೆ ಬಿದಿರೆಲ್ಲ ಮುರ್ದೋಗ್ತದೆ!"

ಪಾಪ, ಅವನು ಕೇಳಿದ್ದು ಕಿಟಕಿಯಲ್ಲಿ ಕಂಡ ಭಾವನನ್ನೇ. ಇಸ್ತ್ರಿ ಅಂಗಿ ನೋಡಿ ಇವರೇ ಯಜಮಾನರು ಅಂದುಕೊಂಡಿರಬೇಕು.

"ಯಾರದೋ ಏನಯ್ಯ, ನನ್ಗೇನ್ ಗೊತ್ತು?"

"ನಂದು!" ಅಂತ ನಾನು ಕಿಟಕಿಯಿಂದ ಕೂಗಿದೆ. "ಚಂದ್ರಿಕೆ ಕೆಳಗೆ ಹಾಕಿ, ಸೈಕಲ್ ಮೇಲೆ ಕಟ್ಟಪ್ಪ!"

ಕೋನಪ್ಪ ಹಾಗೆಯೇ ಮಾಡಿದ. ಭಾವ ಹಲ್ಲು ಕಚ್ಚಿ ಮುಂದಕ್ಕೆ ಬಾಗಿ ಪಿಸುಗುಟ್ಟಿದರು: "ಯಾಕಂಗ್ ಕಿರುಚ್ತೀಯಾ? ಎಲ್ಲಾ ನೋಡ್ತಾವ್ರೆ." ಅವರಿಗೆ ಜನ ನೋಡುವುದು ಬೇಕಿದ್ದದ್ದು ಮೊಬೈಲನ್ನು ಮಾತ್ರ.

ಚಿಕ್ಕಬಳ್ಳಾಪುರದಲ್ಲಿ ಮುನಿವೆಂಕಟಪ್ಪನವರು ಹತ್ತಿದರು. ನಗರಗೆರೆ ಕಡೆಯ ಹಳೇ ಜಮೀನಿನವರು. ನೀರಾವರಿ, ತೋಟ, ಗಿರಣಿ, ಎಲ್ಲ ಇದ್ದವರು. ತೀರಿಕೊಂಡ ನಮ್ಮ ಮಾವ ಒಂದು ಕಾಲದಲ್ಲಿ ಅವರ ಕೊಟ್ಟಿಗೆಗೆ ದಿನಾ ಸೈಕಲ್ಲಿನ ಮೇಲೆ ಹುಲ್ಲಿನ ಹೊರೆ ತಂದುಹಾಕುತ್ತಿದ್ದರಂತೆ. ಅತ್ತೆ ಅದನ್ನು ಬೇಸರವಿಲ್ಲದೆ ಹೇಳುತ್ತಿದ್ದರು, ಹುಲ್ಲು ಹೊತ್ತೇ ಇಬ್ಬರನ್ನೂ ಓದಿಸಿದರು ಅಂತ. ಭಾವ ಮಾತ್ರ ಆ ಮಾತು ಬಂದರೆ ಎದ್ದು ಹೋಗುತ್ತಿದ್ದರು. ಓದಿಸಿದ ಅಪ್ಪ ಬೇಕು, ಹೊರೆ ಬೇಡ.

ಮುನಿವೆಂಕಟಪ್ಪನವರನ್ನು ಕಂಡದ್ದೇ ಭಾವ ಎದ್ದು ನಿಂತರು. "ಬನ್ನಿ ಸ್ವಾಮಿ, ಕೂತ್ಕೊಳ್ಳಿ ಸ್ವಾಮಿ" ಅಂತ ಪಕ್ಕದವನನ್ನು ಎಬ್ಬಿಸಿ ಸೀಟು ಕೊಡಿಸಿದರು.

"ಏನೋ ನರಸಿಂಹ, ನೀನೇನೋ? ಆಫೀಸರ್ ಆಗೋಗಿದ್ದೀಯಾ ಕಣೋ" ಅಂದರು ಅವರು. ನಲವತ್ತು ದಾಟಿದ, ತಲೆ ನರೆತ ಮನುಷ್ಯನನ್ನು ಇಡೀ ಬಸ್ಸಿನ ಮುಂದೆ ಏನೋ ಅಂದರು. ಭಾವನಿಗೆ ಅಲ್ಲಿ ಮರ್ಯಾದೆಯ ನೆನಪು ಬರಲೇ ಇಲ್ಲ. ಹಲ್ಲು ಬಿಟ್ಟರು.

"ಮೇಲೆ ಸೈಕಲ್ ನೋಡ್ದೆ. ನಿಮ್ಮಪ್ಪಂದು ಒಂದಿತ್ತಲ್ಲ, ಹುಲ್ಲು ತರ್ತಿದ್ದ. ಇದು ನಿಮ್ದೇನಾ?"

"ಅಯ್ಯೋ, ನಮ್ದೆಲ್ಲಿ ಸ್ವಾಮಿ! ಯಾರದೋ ಏನೋ. ನಮ್ಮನೇಲಿ ಈಗ ಬೈಕೇ ಐತೆ." ನಮ್ಮ ಮನೆಯಲ್ಲಿ ಯಾವ ಬೈಕೂ ಇರಲಿಲ್ಲ.

"ಈಕೆ?" ಅಂತ ನನ್ನ ಕಡೆ ಗದ್ದ ತೋರಿಸಿದರು. ಶಿಡ್ಲಘಟ್ಟದಲ್ಲಿ ಭಾವ ನನ್ನ ಜೊತೆ ಪಿಸುಗುಟ್ಟಿದ್ದು ಅವರಿಗೆ ಗೊತ್ತಿರಲಿಲ್ಲ. ನಾನು ತಿರುಗಿ ಕೂತು ದಿಟ್ಟಿಸುತ್ತಿದ್ದುದನ್ನು ನೋಡಿ ಕೇಳಿದ್ದು ಅಷ್ಟೆ.

ಭಾವ ಕಿಟಕಿಯ ಆಚೆ ನೋಡಿದರು. "ಯಾರೋ ಪ್ಯಾಸೆಂಜರು."

ಸೈಕಲ್ ಯಾರದೋ ಆಯಿತು, ಅದರ ಹಿಂದೆ ನಾನೂ ಯಾರೋ ಆದೆ. ನಾನು ಮುಂದಕ್ಕೆ ತಿರುಗಿ ಕೂತೆ. ಎರಡು ವರ್ಷದಿಂದ ಅವರ ಅಂಗಿಗೆ ಇಸ್ತ್ರಿ ಹಾಕಿದ ಕೈ ನನ್ನದು ಅಂತ ಅನ್ನಿಸಿ ಅಳು ಬಂತು, ನಾನು ಅಳುವಷ್ಟು ದೊಡ್ಡ ಮನುಷ್ಯನಲ್ಲ ಅವರು ಅಂತ ಅನ್ನಿಸಿ ಅದೂ ನಿಂತಿತು.

ಮಂಚೇನಹಳ್ಳಿಯಲ್ಲಿ ಬಸ್ಸು ಹುಣಸೆಮರದ ಕೆಳಗೆ ನಿಂತಿತು. ಕೋನಪ್ಪ ಟಾಪಿಗೆ ಹತ್ತಿದ. ಚಂದ್ರಿಕೆ ಇಳಿಸಬೇಕಾದರೆ ಮೇಲಿದ್ದ ಸೈಕಲ್ ಮೊದಲು ಇಳಿಯಬೇಕು. "ಸೈಕಲ್ ಹಿಡ್ಕೊಳ್ಳಿ ಸಾಮೀ!" ಅಂತ ಕೂಗಿದ. ನಾನು ಭಾವನನ್ನು ನೋಡಿದೆ. ಅವರು ಮುನಿವೆಂಕಟಪ್ಪನವರ ಹತ್ತಿರ ಮಳೆ ಬೆಳೆ ವಿಚಾರಿಸುತ್ತಿದ್ದರು. ನಲ್ಲಪ್ಪ ಆಗಲೇ ಚಹದ ಅಂಗಡಿಯಲ್ಲಿ ಬಜ್ಜಿಗೆ ಕೈ ಹಾಕಿದ್ದ. ನಾನೇ ಇಳಿದೆ. ಕೋನಪ್ಪ ಏಣಿಯ ಮೇಲಿಂದ ಇಳಿಬಿಟ್ಟ ಸೈಕಲ್ಲನ್ನು ಹಿಡಿದು, ಚಂದ್ರಿಕೆಗೆ ಜಾಗ ಬಿಟ್ಟು, ಬಸ್ಸಿನ ಮುಂದಿನ ರಸ್ತೆ ಬದಿಗೆ ತಳ್ಳಿಕೊಂಡು ಹೋಗಿ ನಿಂತೆ.

ಒಂದೆರಡು ಚಂದ್ರಿಕೆ ಕೆಳಗೆ ಬಂದವು. ಆಮೇಲಿನದು ಹುಣಸೆಕೊಂಬೆಗೆ ಸಿಕ್ಕಿಹಾಕಿಕೊಂಡಿತು. "ವಸಿ ಮುಂದಕ್ ಬಿಡು ನಾಯ್ನಾ!" ಅಂತ ಕೋನಪ್ಪ ಡ್ರೈವರನಿಗೆ ಕೂಗಿದ. ಡ್ರೈವರು ಬಸ್ಸನ್ನು ಮೆಲ್ಲಗೆ ಮುಂದಕ್ಕೆ ತಂದ. ಕೊಂಬೆ ಬಿಡಿಸಿಕೊಂಡಿತು.

"ಚಾಲು!" ಅಂದ ಕೋನಪ್ಪ. ಸಾಕು, ನಿಲ್ಲಿಸು, ಅಂತ.

ವಿಜಾಪುರದವನು ಗೇರು ಬದಲಾಯಿಸಿದ. ಬಸ್ಸು ಓಡಿತು.

"ಚಾಲು! ಚಾಲು! ಚಾಲು!" ಕೋನಪ್ಪ ಟಾಪನ್ನು ಗುದ್ದುತ್ತ ಕಿರುಚಿದ. ಗುದ್ದಿದಷ್ಟೂ ಡ್ರೈವರು ಜೋರಾಗಿ ಬಿಟ್ಟ. ಮೇಲಿನವರಿಗೆ ಏನೋ ಅವಸರವಿದೆ ಅಂದುಕೊಂಡಿರಬೇಕು, ಹಾರನ್ ಬೇರೆ ಬಾರಿಸಿದ. ಒಳಗಿನ ಜನ ಕಂಡಕ್ಟರು ಹಿಂದೆಲ್ಲೋ ನಿಂತಿದ್ದಾನೆ ಅಂದುಕೊಂಡು ಆರಾಮಾಗಿ ಕೂತಿದ್ದರು.

ಒಬ್ಬರಿಗೆ ಮಾತ್ರ ಗೊತ್ತಿತ್ತು. ಬಸ್ಸು ನನ್ನ ಮುಂದೆಯೇ ಹಾದುಹೋಯಿತು, ಕಿಟಕಿಯಲ್ಲಿ ಭಾವ. ನನ್ನನ್ನು ನೋಡಿದರು. ಕೈಯಲ್ಲಿದ್ದ ಸೈಕಲ್ಲನ್ನೂ ನೋಡಿದರು. ನಾನು "ಭಾವಾ, ನಿಲ್ಸಕ್ಕೆ ಹೇಳಿ!" ಅಂತ ಕೂಗಿದೆ; ಹಾರನ್ ಸದ್ದಿನಲ್ಲಿ ಬೇರೆ ಯಾರಿಗೂ ಕೇಳಿಸಲಿಲ್ಲ. ಒಂದು ಮಾತು ಸಾಕಿತ್ತು. ನಮ್ಮ ಮನೆಯವಳು ಕೆಳಗೆ ಉಳಿದುಬಿಟ್ಟಳು ಅಂತ ಒಂದು ಮಾತು. ಆದರೆ ಆ ಮಾತು ಆಡಿದರೆ ನಾನು ಅವರ ಮನೆಯವಳಾಗುತ್ತಿದ್ದೆ, ಸೈಕಲ್ಲು ಅವರದಾಗುತ್ತಿತ್ತು, ಅದೂ ಮುನಿವೆಂಕಟಪ್ಪನವರ ಎದುರಿಗೆ. ಭಾವ ಮುಖ ಆ ಕಡೆಗೆ ತಿರುಗಿಸಿಕೊಂಡರು. ಬಸ್ಸು ತಿರುವಿನಲ್ಲಿ ಮರೆಯಾಯಿತು.

ನಾನು ಅಲ್ಲೇ ನಿಂತುಬಿಟ್ಟೆ. ನನ್ನ ಪರ್ಸು, ನೀರಿನ ಬಾಟಲಿ, ಎಲ್ಲ ಬಸ್ಸಿನಲ್ಲಿ. ಅದಕ್ಕಿಂತ ಆ ತಿರುಗಿದ ಮುಖ ನನ್ನ ಕಣ್ಣಲ್ಲಿ ಕೂತುಬಿಟ್ಟಿತು. ಅಷ್ಟರಲ್ಲಿ ಬಾಯಲ್ಲಿ ಬಜ್ಜಿ ಇಟ್ಟುಕೊಂಡೇ ನಲ್ಲಪ್ಪ ಓಡಿಬಂದ.

"ಏ! ಏ! ನಿಲ್ಸಲೇ!" ಸ್ವಲ್ಪ ದೂರ ಓಡಿ, ಹೊಟ್ಟೆ ಹಿಡಿದುಕೊಂಡು ನಿಂತ. ಕಂಡಕ್ಟರನ್ನೇ ಬಿಟ್ಟು ಹೋದ ಬಸ್ಸು ಅದು. ಅವನ ಚರ್ಮದ ಚೀಲ ಹೆಗಲಲ್ಲೇ ಇತ್ತು, ಸೀಟಿ ಕತ್ತಲ್ಲೇ ಇತ್ತು. ಊದುವುದಕ್ಕೆ ಬಸ್ಸು ಇರಲಿಲ್ಲ. ಸುತ್ತ ನೋಡಿದ. ಅಂಗಡಿಯವನ ಹತ್ತಿರ ಗಾಡಿ ಇರಲಿಲ್ಲ. ಆಮೇಲೆ ನನ್ನ ಸೈಕಲ್ಲು ಅವನ ಕಣ್ಣಿಗೆ ಬಿತ್ತು. ಬೆಳಗ್ಗೆ ಬಸ್ಸನ್ನು ಲಾರಿ ಮಾಡಲು ಬಂದಿದ್ದ ಅದೇ ಸೈಕಲ್ಲು.

"ಅಮ್ಮಾ, ತಾಯಿ, ಸೈಕಲ್ ಕೊಡಮ್ಮ. ಹೋಗಿ ನಿಲ್ಲಿಸ್ಕೊಂಡ್ ಬರ್ತೀನಿ."

"ಕೊಡಲ್ಲ" ಅಂದೆ. "ಬೇಕಾದ್ರೆ ಹಿಂದೆ ಕೂತ್ಕೊಳ್ಳಿ."

"ನಾನಾ? ನೀನ್ ತುಳ್ಯೋದು, ನಾನ್ ಕೂರೋದಾ? ನೋಡಿದೋರು ಏನಂತಾರೆ?"

ಇಲ್ಲೊಬ್ಬರು. ನಮ್ಮ ಕಡೆ ಗಂಡಸರಿಗೆ ನೋಡಿದವರ ಯೋಚನೆಯೇ ಹೆಚ್ಚು. ನಾನು ಪೆಡಲಿಗೆ ಕಾಲಿಟ್ಟೆ. ಅವನು ಓಡಿಬಂದು ಕ್ಯಾರಿಯರ್ ಮೇಲೆ ಕೂತ. ಒಂದು ಮಗ್ಗುಲಿಗೆ ಕಾಲು ಇಳಿಬಿಟ್ಟು, ಚರ್ಮದ ಚೀಲ ತೊಡೆಯ ಮೇಲೆ ಇಟ್ಟುಕೊಂಡು, ಮದುವೆ ಹೆಣ್ಣಿನ ಹಾಗೆ ತಲೆ ತಗ್ಗಿಸಿದ. ಚಹದ ಅಂಗಡಿಯ ಮುಂದಿದ್ದವರು ಸೀಟಿ ಹಾಕಿದರು.

"ಆ ಕಡೆ ಹೋಗಮ್ಮ, ಗುಂಡಿ ಐತೆ... ಇಲ್ಲಿ ಬ್ರೇಕ್ ಹಿಡಿ..." ಅಂತ ಶುರು ಮಾಡಿದ.

"ಲಗೇಜು ಅಂದ್ಮೇಲೆ ಎಲ್ಲಿ ಹಾಕಿದ್ರೆ ಅಲ್ಲಿ ಬಿದ್ದಿರ್ಬೇಕು. ರೂಲ್ಸ್ ಹೇಳ್ಬಾರ್ದು."

ಅವನು ಚರ್ಮದ ಚೀಲವನ್ನು ಎದೆಗೆ ಅವಚಿಕೊಂಡ. ದಪ್ಪ ಆಳು, ಏರಿನಲ್ಲಿ ನನ್ನ ತೊಡೆ ಬಿಗಿದು ಹಿಡಿಯಿತು, ಬೆನ್ನೆಲ್ಲ ಬೆವರು. ಆದರೆ ಮದುವೆಯಾದ ಮೇಲೆ ಮೊದಲ ಸಲ ನಾನು ಸೈಕಲ್ ತುಳಿಯುತ್ತಿದ್ದೆ. ಮುಖಕ್ಕೆ ಗಾಳಿ ಬಡಿಯುತ್ತಿತ್ತು, ಎರಡೂ ಕಡೆ ಹಿಪ್ಪುನೇರಳೆ ತೋಟ. ಕಾಲಿಗೆ ಎಲ್ಲ ನೆನಪಿತ್ತು. ಸಿಟ್ಟಿನಲ್ಲೇ ಇದ್ದೆ, ಆದರೂ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ.

ಮೂರು ನಾಲ್ಕು ಕಿಲೋಮೀಟರು ಹೋಗುವಷ್ಟರಲ್ಲಿ ಬಸ್ಸು ಕಂಡಿತು. ಬೇವಿನ ಮರದ ಪಕ್ಕ ನಿಂತಿತ್ತು, ಜನರೆಲ್ಲ ಕೆಳಗಿಳಿದಿದ್ದರು. ಕೂಗಿ ಕೂಗಿ ಗಂಟಲು ಹೋದ ಕೋನಪ್ಪ ಕೊನೆಗೆ ಟಾಪಿನ ಮೇಲೆ ಬೋರಲು ಮಲಗಿ, ತಲೆಯ ಟವೆಲ್ಲನ್ನು ಡ್ರೈವರನ ಗಾಜಿನ ಮುಂದೆ ಇಳಿಬಿಟ್ಟು ನಿಲ್ಲಿಸಿದ್ದನಂತೆ. ಈಗ ಇಬ್ಬರೂ ಮುಖಕ್ಕೆ ಮುಖ ಕೊಟ್ಟು ನಿಂತಿದ್ದರು.

"ಚಾಲು ಅಂಟೇ ಚಾಲಯ್ಯಾ! ಸಾಕು ಅಂತ!"

"ನೀವ ಅಂದ್ರಲ್ರೀ ಚಾಲೂ ಚಾಲೂ ಅಂತ! ನಾ ಚಾಲೂ ಮಾಡೀನಿ. ನಂದೇನ್ ತಪ್ಪೈತ್ರಿ?"

ಅಷ್ಟು ಹೊತ್ತಿಗೆ ನಾನು ಬೆಲ್ ಬಾರಿಸುತ್ತ ಬಂದೆ. ಹಿಂದೆ ನಲ್ಲಪ್ಪ. ಜಗಳ ನಿಂತಿತು. ಕೋಳಿ ಬುಟ್ಟಿಯ ಅಜ್ಜಿ ಮೊದಲು ನಕ್ಕಳು, ಆಮೇಲೆ ಎಲ್ಲರೂ ನಕ್ಕರು, ವಿಜಾಪುರದವನೂ ನಕ್ಕ. ನಲ್ಲಪ್ಪ ಇಳಿದು, ಪ್ಯಾಂಟು ಕೊಡವಿಕೊಂಡು, ಯಾರ ಮುಖವನ್ನೂ ನೋಡದೆ ಸೀದಾ ಬಸ್ಸು ಹತ್ತಿದ.

ಮುನಿವೆಂಕಟಪ್ಪನವರು ಪಂಚೆ ಎತ್ತಿಕಟ್ಟಿಕೊಂಡು ಹತ್ತಿರ ಬಂದರು. ಅವರ ಹಿಂದೆಯೇ ಭಾವ.

"ಭೇಷ್ ಕಣಮ್ಮ! ಗಟ್ಟಿಗಿತ್ತಿ ನೀನು. ಅಂಥ ಆಳನ್ನ ಹಿಂದೆ ಕೂರಿಸ್ಕೊಂಡು ಬಂದ್ಯಲ್ಲ! ಯಾರ ಮನೆಯವಳಮ್ಮ?"

ನಾನು ಬಾಯಿ ತೆರೆಯುವ ಮೊದಲೇ ಭಾವ ಎದೆ ಮುಂದೆ ಮಾಡಿದರು. "ನಮ್ಮನೆ ಸೊಸೆನೇ ಸ್ವಾಮಿ. ನಮ್ ಕೆಂಪರಾಜು ಹೆಂಡ್ತಿ. ನಗರಗೆರೆ ಸ್ಕೂಲಲ್ಲಿ ಟೀಚರು. ಸೈಕಲ್ಲೂ ನಮ್ದೇ."

ಸ್ವಾಮಿಗಳ ಬಾಯಿಂದ ಭೇಷ್ ಬಿದ್ದ ಮೇಲೆ ನಾನು ಸೊಸೆಯಾದೆ. ಅದಕ್ಕೆ ಮುಂಚೆ ಪ್ಯಾಸೆಂಜರು. ಆ ಭೇಷ್ ಕೂಡ ನಾನು ಕೇಳಿದ್ದಲ್ಲ. ಅವರ ಕೊಟ್ಟಿಗೆಗೆ ಹೊರೆ ಹೊತ್ತವರಿಗೆ ಅವರು ಯಾವತ್ತಾದರೂ ಭೇಷ್ ಅಂದಿದ್ದರೋ ಇಲ್ಲವೋ, ದೇವರಿಗೇ ಗೊತ್ತು. ನಾನು ಸೈಕಲ್ಲಿನಿಂದ ಇಳಿಯಲೂ ಇಲ್ಲ.

"ನಾನು ಕೈವಾರದ ಬಯ್ಯಪ್ಪನ ಮಗಳು" ಅಂದೆ. "ಇವ್ರು ಯಾರೋ ಏನೋ, ನಂಗೊತ್ತಿಲ್ಲ. ಯಾರೋ ಪ್ಯಾಸೆಂಜರು."

ಮುನಿವೆಂಕಟಪ್ಪನವರು ಭಾವನನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. ಇನ್ನೊಬ್ಬರ ಮನೆಯ ಹೆಣ್ಣನ್ನು ನಮ್ಮ ಸೊಸೆ ಅಂತ ಹೇಳಿಕೊಳ್ಳುವ ಗಂಡಸನ್ನು ಯಾರಾದರೂ ಹೇಗೆ ನೋಡುತ್ತಾರೋ ಹಾಗೆ ನೋಡಿದರು.

"ಸ್ವಾಮಿ, ಅದು... ಹಂಗಲ್ಲ..." ಅಂದರು ಭಾವ. ಹೇಗೆ ಅಂತ ಹೇಳುವುದು? ಹೇಳಬೇಕಾದರೆ ಬೆಳಗ್ಗೆಯಿಂದ ಆಡಿದ್ದನ್ನೆಲ್ಲ ಹೇಳಬೇಕು.

ನಲ್ಲಪ್ಪ ಬಾಗಿಲಿನಿಂದ ನನ್ನ ಪರ್ಸು, ಬಾಟಲಿ ತಂದು ಕೈಗೇ ಕೊಟ್ಟ. ಆವತ್ತು ಅವನು ಮಾಡಿದ ಒಂದೇ ಮರ್ಯಾದೆಯ ಕೆಲಸ ಅದು. "ಸೈಕಲ್ ಹತ್ಸಣಾಮ್ಮಾ? ನಾನೇ ಕಟ್ತೀನಿ" ಅಂತಲೂ ಅಂದ.

"ಬೇಡ. ತುಳ್ಕೊಂಡೇ ಹೋಗ್ತೀನಿ."

"ಮತ್ತೆ ಆ ಅವರೆಕಾಯಿ ಮೂಟೆ ನಿಮ್ದಲ್ವಾ?"

"ನಂದಲ್ಲ" ಅಂದೆ, ಭಾವನ ಕಡೆ ಕೈ ತೋರಿಸಿ. "ಅದು ಅವ್ರದು."

ಗೌರಿಬಿದನೂರಿನಲ್ಲಿ ಒಂದು ಎಳನೀರು ಕುಡಿದು, ನಗರಗೆರೆ ರಸ್ತೆ ಹಿಡಿದು, ಬಿಸಿಲು ಇಳಿಯುವ ಮೊದಲೇ ಮನೆ ಸೇರಿದೆ. ಕಾಲು ನನ್ನದಲ್ಲ ಅನ್ನುವಷ್ಟು ನೋಯುತ್ತಿತ್ತು. ಅತ್ತೆ ಅಂಗಳಕ್ಕೆ ಬಂದು ಸೈಕಲ್ಲನ್ನು ಸುತ್ತ ನೋಡಿ, ಸೀಟನ್ನು ಒಂದು ಸಲ ಮುಟ್ಟಿದರು. ಅವರ ಗಂಡನ ಸೈಕಲ್ ನೆನಪಾಗಿರಬೇಕು.

"ದೊಡ್ಡೋನು ಎಲ್ಲಮ್ಮ?"

"ಬಸ್ಸಲ್ಲಿ ಬರ್ತಾವ್ರೆ ಅತ್ತೆ. ಲಗೇಜ್ ಜೊತೆ."

ಭಾನುವಾರವಾದ್ದರಿಂದ ಮಧ್ಯಾಹ್ನದ ಬಸ್ಸು ಬಂದಿರಲಿಲ್ಲ. ಸಂಜೆಯ ಬಸ್ಸಿನ ಸದ್ದಾದಾಗ ನಾನು ಸೈಕಲ್ ತೆಗೆದುಕೊಂಡು ಊರ ಮುಂದಿನ ದಾರಿಗೆ ಹೋದೆ. ಏನಾಗಿದೆಯೋ ನೋಡೋಣ ಅಂತ, ಬೇರೆ ಒಳ್ಳೆಯ ಉದ್ದೇಶವೇನೂ ಇರಲಿಲ್ಲ. ಭಾವ ಬರುತ್ತಿದ್ದರು. ತಲೆಯ ಮೇಲೆ ಅವರೆಕಾಯಿ ಮೂಟೆ. ಎರಡು ಪೆನ್ನಿನ ಜೇಬು ಬೆವರಿಗೆ ಒದ್ದೆಯಾಗಿತ್ತು, ಇಸ್ತ್ರಿ ಎಲ್ಲಿಯೂ ಉಳಿದಿರಲಿಲ್ಲ. ದಾರಿಯಲ್ಲೇ ಬಿಟ್ಟುಬರೋಣವೆಂದರೆ ಮನೆಯಲ್ಲಿ ಹೆಂಡತಿ ಕಾಯುತ್ತಿದ್ದಳು. ನನ್ನನ್ನು ಕಂಡು ನಿಂತರು. ಮೂಟೆ ಹೊತ್ತ ತಲೆಯನ್ನು ಆ ಕಡೆ ತಿರುಗಿಸಿಕೊಳ್ಳುವುದು ಅಷ್ಟು ಸುಲಭವಲ್ಲ.

ನಾನು ಸೈಕಲ್ ತಿರುಗಿಸಿ ಕ್ಯಾರಿಯರನ್ನು ಅವರ ಕಡೆ ಹಿಡಿದೆ. ಅವರು ದಾರಿಯ ಆ ತುದಿ ನೋಡಿದರು, ಈ ತುದಿ ನೋಡಿದರು. ಆಮೇಲೆ ಮೂಟೆಯನ್ನು ಕ್ಯಾರಿಯರ್ ಮೇಲೆ ಇಳಿಸಿ, ಬೀಳದ ಹಾಗೆ ಕೈಯಲ್ಲಿ ಹಿಡಿದುಕೊಂಡು ಹಿಂದೆ ನಡೆದುಬಂದರು. ನಾನು ಹ್ಯಾಂಡಲ್ ಹಿಡಿದು ಮುಂದೆ ನಡೆದೆ.

ಅರಳಿಕಟ್ಟೆಯ ಮೇಲೆ ಚಿಕ್ಕವೆಂಕಟಮ್ಮ ಕೂತಿದ್ದಳು. ಊರಿಗೆ ಬಂದ ನಾಯಿಯ ಸಮಾಚಾರವನ್ನೂ ವಿಚಾರಿಸದೆ ಬಿಡುವವಳಲ್ಲ.

"ಏನಪ್ಪಾ ನರಸಿಂಹಮೂರ್ತಿ, ಯಾರ್ದಪ್ಪ ಈ ಸೈಕಲ್ಲು?"

ನಾನು ನಿಂತುಬಿಟ್ಟೆ. ಸೈಕಲ್ಲೂ ನಿಂತಿತು. ಹಿಂದೆ ಭಾವನ ಕೈ ಮೂಟೆಯ ಮೇಲೆಯೇ ಇತ್ತು. ಉತ್ತರ ಬರುವವರೆಗೂ ಮುಂದಕ್ಕೆ ಹೋಗಬಾರದು ಅಂತ ನಾನು ತೀರ್ಮಾನ ಮಾಡಿದ್ದೆ, ಅದು ಅವರಿಗೂ ಗೊತ್ತಾಗಿತ್ತು.

"ನಮ್ದೇ ಕಣಮ್ಮ" ಅಂದರು ಭಾವ, ನೆಲ ನೋಡುತ್ತ. "ನಮ್ ತನುಜಂದು. ನಾಳೆಯಿಂದ ಸ್ಕೂಲಿಗೆ ಅದ್ರಲ್ಲೇ ಹೋಗ್ತಾಳೆ."

ನಾನು ಸೈಕಲ್ಲನ್ನು ಮುಂದಕ್ಕೆ ತಳ್ಳಿದೆ.